ಸರ್ಕಾರಿ ದುಡ್ಡಿನ ಸಂಶೋಧನೆ: ನಮ್ಮ ತಾಲೂಕಿನ ಮಂದಿ ಓದೋದು ಹೆಂಗ?

ಹಾವೇರಿ: ಹಾನಗಲ್ಲ, ಶಿಗ್ಗಾವಿ, ಸವಣೂರ ಪುರಸಭೆಗೆ ಅಥವಾ ಹಿರೇಕೆರೂರ ಪಟ್ಟಣ ಪಂಚಾಯಿತಿಗೆ ಮನೆ ಕರ ಕಟ್ಟಿದ ಚಲನ್ ಇದ್ದರೆ ಒಮ್ಮೆ ತೆಗೆದು ನೋಡಿ. ಆಸ್ತಿ ತೆರಿಗೆ ಜೊತೆಗೆ ಸೇರುವ ಉಪಕರಗಳಲ್ಲಿ ಗ್ರಂಥಾಲಯದ್ದೂ ಒಂದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಅದು ತೆರಿಗೆಯ ಶೇ 6ರಷ್ಟು. 2,000 ರೂಪಾಯಿ ತೆರಿಗೆ ಬಂದರೆ 120 ರೂಪಾಯಿ ಲೈಬ್ರರಿ ಲೆಕ್ಕಕ್ಕೆ. ಲೈಬ್ರರಿ ಮೆಟ್ಟಿಲು ಹತ್ತದವರೂ ಇದನ್ನು ಕಟ್ಟಿರುತ್ತಾರೆ.

ಇದು ಚಲನ್‌ನಲ್ಲಿ ಕಾಣುವ ರೊಕ್ಕ. ಕಾಣದ ರೊಕ್ಕ ಇದಕ್ಕಿಂತ ಬಹಳ ದೊಡ್ಡದು. ಧಾರವಾಡ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯ, ನಮ್ಮ ಜಿಲ್ಲೆಯಲ್ಲೇ ಇರುವ ಹನುಮನಮಟ್ಟಿ ಕೃಷಿ ಸಂಶೋಧನಾ ಕೇಂದ್ರ, ದೇವಿಹೊಸೂರಿನ ತೋಟಗಾರಿಕೆ ಕೇಂದ್ರ, ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ, ಇವೆಲ್ಲ ನಡೆಯುವುದು ಮುಖ್ಯವಾಗಿ ಸರ್ಕಾರದ ಹಣದಿಂದ. ಅಲ್ಲಿ ನಮ್ಮ ಹೊಲದ ಮಣ್ಣು, ನಮ್ಮ ಬೆಳೆಗೆ ಬೀಳುವ ಹುಳು, ನಮ್ಮ ಅಜ್ಜಿಯಂದಿರು ಹಾಡುವ ಹಾಡಿನ ಮೇಲೆ ಸಂಶೋಧನೆ ನಡೆಯುತ್ತದೆ. ನಡೆದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ನಾಲ್ಕು ತಾಲೂಕಿನ ಸಾಮಾನ್ಯ ಓದುಗನಿಗೆ ಅದು ಸಿಗುತ್ತದಾ?

ಬಹಳಷ್ಟು ಸಿಗುತ್ತದೆ, ಅದೂ ಪುಕ್ಕಟೆ. ಆದರೆ ಎಲ್ಲಿ ಅಂತ ಯಾರೂ ಹೇಳುವುದಿಲ್ಲ, ಸಿಕ್ಕಿದ್ದೂ ಇಂಗ್ಲಿಷಿನಲ್ಲಿ ಇರುತ್ತದೆ. ಇನ್ನು ಕೆಲವಕ್ಕೆ ಬೀಗವೇ ಬಿದ್ದಿದೆ.

ಗೋವಿನಜೋಳದ ಹುಳು ಮತ್ತು ಒಂದು ಸಣ್ಣ ಪ್ರಬಂಧ

2018ರ ಮುಂಗಾರು ರೈತರಿಗೆ ನೆನಪಿರಬಹುದು. ಆ ವರ್ಷ ಗೋವಿನಜೋಳದ ಸುಳಿಯಲ್ಲಿ ಹಿಂದೆಂದೂ ಕಾಣದ ಹುಳು ಬಿತ್ತು. ಎಲೆ ಹರಿದು ತೂತು ತೂತು, ಸುಳಿ ತುಂಬ ಕಟ್ಟಿಗೆ ಹೊಟ್ಟಿನಂಥ ಲದ್ದಿ. ನಮ್ಮ ಕಡೆ ಲದ್ದಿ ಹುಳು, ಸೈನಿಕ ಹುಳು ಅಂದರು. ಇದು ಅಮೆರಿಕ ಖಂಡದ ಹುಳು. 2016ರಲ್ಲಿ ಆಫ್ರಿಕಾಕ್ಕೆ ಬಂದು ಅಲ್ಲಿ ಗೋವಿನಜೋಳವನ್ನು ಹಾಳು ಮಾಡಿತ್ತು.

ಭಾರತದಲ್ಲಿ ಇದನ್ನು ಮೊಟ್ಟಮೊದಲು ಗುರುತಿಸಿದ್ದು ದೆಹಲಿಯಲ್ಲೂ ಅಲ್ಲ, ಹೈದರಾಬಾದಿನಲ್ಲೂ ಅಲ್ಲ. ಹಿರೇಕೆರೂರಿನಿಂದ ಶಿಕಾರಿಪುರ ದಾಟಿದರೆ ಸಿಗುವ ಶಿವಮೊಗ್ಗದಲ್ಲಿ. 2018ರ ಮೇ ತಿಂಗಳಲ್ಲಿ ಅಲ್ಲಿನ ಕೃಷಿ ಕಾಲೇಜಿನ ವಿಜ್ಞಾನಿಗಳು ಗೋವಿನಜೋಳದ ಹೊಲದಲ್ಲಿ ಈ ಹುಳು ಕಂಡು, ಸಾಕಿ, ಪರೀಕ್ಷಿಸಿ, ಇದೇ ಅಂತ ಖಚಿತ ಮಾಡಿ ಒಂದು ಸಣ್ಣ ಪ್ರಬಂಧ ಬರೆದರು. ಅದು ಅದೇ ವರ್ಷ ಬೆಂಗಳೂರಿನಿಂದ ಹೊರಡುವ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಜುಲೈ ಕೊನೆಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಚ್ಚರಿಕೆ ಪ್ರಕಟಣೆಯನ್ನೂ ಹೊರಡಿಸಿತು. ಎರಡನ್ನೂ ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ಓದಬಹುದು, ಒಂದು ರೂಪಾಯಿ ಕೊಡಬೇಕಿಲ್ಲ.

ಅಂದರೆ ಇಲ್ಲಿ ಬೀಗ ಇರಲಿಲ್ಲ. ಹುಳುವಿನ ತಲೆ ಮೇಲೆ ತಿರುವು ಹಾಕಿದ 'ವೈ' ಅಕ್ಷರದಂಥ ಗುರುತು ಇರುತ್ತದೆ, ಬಾಲದ ಕಡೆ ನಾಲ್ಕು ಕಪ್ಪು ಚುಕ್ಕಿ ಚೌಕವಾಗಿ ಇರುತ್ತವೆ. ಹುಳು ಸಣ್ಣದಿದ್ದಾಗ ಸುಳಿಯೊಳಗೆ ಬೀಳುವ ಹಾಗೆ ಔಷಧ ಹೊಡೆದರಷ್ಟೇ ಉಪಯೋಗ. ಬಲಿತು ಸುಳಿಯಲ್ಲಿ ಲದ್ದಿ ತುಂಬಿಕೊಂಡು ಕೂತ ಮೇಲೆ ಔಷಧ ಅದಕ್ಕೆ ತಾಗುವುದೇ ಇಲ್ಲ. ಇಷ್ಟು ವಿಷಯ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಹಳ್ಳಿಯ ಲೈಬ್ರರಿ ಬಾಗಿಲಿಗೆ ಅಂಟಿಸಬಹುದು. ಇಲಾಖೆಯವರು ಕರಪತ್ರ ಹಂಚುತ್ತಾರೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಹುಳು ಬಿದ್ದ ದಿನ ರೈತ ಮೊದಲು ಹೋಗುವುದು ಗೊಬ್ಬರದ ಅಂಗಡಿಗೆ. ಯಾವ ಎಣ್ಣಿ ಹೊಡೀಬೇಕು ಅಂತ ಹೇಳುವವರು ಎಣ್ಣಿ ಮಾರುವವರೇ ಆಗಿರುತ್ತಾರೆ. ಬಲಿತ ಹುಳುವಿಗೆ ಎರಡು ಸಲ, ಮೂರು ಸಲ ಹೊಡೆದರೆ ಹೋಗುವುದು ರೈತನ ರೊಕ್ಕ.

ನಮ್ಮೂರ ಮೇಲೆ ಬರೆದ ಪ್ರಬಂಧ ನಮ್ಮೂರಿಗೇ ಬರಲಿಲ್ಲ

ಕೃಷಿ ಎಂ.ಎಸ್ಸಿ., ಪಿಎಚ್‌ಡಿ ಮಾಡುವ ಹುಡುಗ–ಹುಡುಗಿಯರು ಪ್ರಶ್ನೆಗಳ ಹಾಳೆ ಹಿಡಿದು ಹಳ್ಳಿಗೆ ಬರುವುದನ್ನು ಬಹಳ ಮಂದಿ ನೋಡಿದ್ದಾರೆ. ಎಷ್ಟು ಎಕರೆ, ಯಾವ ಬೀಜ, ಎಷ್ಟು ಸಾಲ, ಮಾವಿನ ಹಣ್ಣು ಯಾರಿಗೆ ಮಾರಿದಿರಿ, ಮೆಣಸಿನಕಾಯಿಗೆ ಎಷ್ಟು ಖರ್ಚಾಯಿತು ಅಂತ ಕೇಳುತ್ತಾರೆ. ಚಹಾ ಕುಡಿದು, ಬರೆದುಕೊಂಡು ಹೋಗುತ್ತಾರೆ. ಆ ಉತ್ತರಗಳೆಲ್ಲ ಸೇರಿ ಒಂದು ಪ್ರಬಂಧ ಆಗುತ್ತದೆ, ಪದವಿ ಸಿಗುತ್ತದೆ. ಉತ್ತರ ಕೊಟ್ಟವರಿಗೆ ಮಾತ್ರ ಕೊನೆಗೆ ಏನು ಬರೆದರು ಅಂತ ಗೊತ್ತಾಗುವುದಿಲ್ಲ. ಇದು ಯಾವುದೋ ಒಬ್ಬ ವಿದ್ಯಾರ್ಥಿಯ ತಪ್ಪಲ್ಲ. ತಿರುಗಿ ಹೋಗಿ ಹೇಳಬೇಕು ಅಂತ ಯಾವ ನಿಯಮದಲ್ಲೂ ಬರೆದಿಲ್ಲ, ಅದಕ್ಕೆ ಮಾರ್ಕ್ಸೂ ಇಲ್ಲ.

ಆ ಪ್ರಬಂಧಗಳನ್ನು ಎರಡು ಕಡೆ ಹುಡುಕಬಹುದು. ಕೃಷಿ ವಿಶ್ವವಿದ್ಯಾಲಯಗಳದ್ದಾದರೆ 'ಕೃಷಿಕೋಶ' ಅನ್ನುವ ಸರ್ಕಾರಿ ಜಾಲತಾಣ. ಇದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನದು, ಅಂದರೆ ಐಸಿಎಆರ್‌ನದು. ಉಳಿದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿಗೆ 'ಶೋಧಗಂಗಾ'. ಇದನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುತ್ತದೆ. ಪ್ರಬಂಧದ ಡಿಜಿಟಲ್ ಪ್ರತಿ ಕೊಡಬೇಕು ಅಂತ ಯುಜಿಸಿ 2009ರಲ್ಲೇ ನಿಯಮ ಮಾಡಿದೆ. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಶೋಧಗಂಗಾದಲ್ಲಿವೆ. ಓದಲು ಯಾವುದೇ ಕಾಲೇಜಿನ ಐಡಿ ಕಾರ್ಡ್ ಬೇಕಿಲ್ಲ.

ಹುಡುಕುವಾಗ ಒಂದು ಗುಟ್ಟು ಗೊತ್ತಿರಬೇಕು. ಹಾವೇರಿ ಜಿಲ್ಲೆ ಆಗಿದ್ದು 1997ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚಿನ ಅಧ್ಯಯನಗಳಲ್ಲಿ ಹಾನಗಲ್ಲ, ಹಿರೇಕೆರೂರ, ಸವಣೂರ ಎಲ್ಲವೂ ಧಾರವಾಡ ಜಿಲ್ಲೆ ಹೆಸರಿನಡಿ ಇರುತ್ತವೆ. ಹಾವೇರಿ ಅಂತ ಟೈಪ್ ಮಾಡಿದರೆ ಅವು ಬರುವುದೇ ಇಲ್ಲ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ, ಶಿಗ್ಗಾವಿ ಒಂದಕ್ಕೇ ಮೂರು–ನಾಲ್ಕು ಸ್ಪೆಲಿಂಗ್. ಎಲ್ಲವನ್ನೂ ಹಾಕಿ ನೋಡಬೇಕು. ಕೃಷಿಕೋಶದಲ್ಲಿ ಕೆಲವು ಪ್ರಬಂಧಗಳ ಹೆಸರು ಮಾತ್ರ ಕಾಣಿಸುತ್ತದೆ, ಪೂರ್ತಿ ಪ್ರತಿ ತೆರೆಯುವುದಿಲ್ಲ. ಅಂಥ ಕಡೆ ಸಂಬಂಧಪಟ್ಟ ವಿಶ್ವವಿದ್ಯಾಲಯದ ಲೈಬ್ರರಿಗೆ ಬರೆದು ಕೇಳುವುದೇ ದಾರಿ.

ಧಾರವಾಡ ಕೃಷಿ ವಿಶ್ವವಿದ್ಯಾಲಯ ತನ್ನದೇ ಸಂಶೋಧನಾ ಪತ್ರಿಕೆ 'ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್' ಅನ್ನೂ ಇಂಟರ್ನೆಟ್‌ನಲ್ಲಿ ಇಟ್ಟಿದೆ. ಉತ್ತರ ಕರ್ನಾಟಕದ ಹತ್ತಿ, ಜೋಳ, ಶೇಂಗಾ, ಮೆಣಸಿನಕಾಯಿ ಮೇಲಿನ ಸಂಶೋಧನೆ ಅದರಲ್ಲಿ ತುಂಬ ಸಿಗುತ್ತದೆ. ಇಂಗ್ಲಿಷ್ ಬಾರದವರು ಮನೆಯಲ್ಲಿ ಓದುವ ಹುಡುಗರ ಕೈಲಿ ಕೊನೆಯ ಪ್ಯಾರಾ ಓದಿಸಿದರೂ ಅರ್ಧ ವಿಷಯ ಸಿಕ್ಕ ಹಾಗೆ.

6,000 ಕೋಟಿ ಯೋಜನೆಯಲ್ಲಿ ನೀವು ಇಲ್ಲ

ಈಗ ಬೀಗ ಬಿದ್ದಿರುವ ಕಡೆ ಬರೋಣ. ಸರ್ಕಾರದ ಸಂಬಳ ಪಡೆಯುವ ವಿಜ್ಞಾನಿ, ಸರ್ಕಾರದ ಲ್ಯಾಬ್‌ನಲ್ಲಿ, ಸರ್ಕಾರದ ಅನುದಾನದಲ್ಲಿ ಸಂಶೋಧನೆ ಮಾಡುತ್ತಾರೆ. ಅದನ್ನು ಬರೆದು ಹಾಲೆಂಡ್, ಜರ್ಮನಿ ಅಥವಾ ಅಮೆರಿಕದ ಪ್ರಕಾಶನ ಕಂಪನಿಯ ಪತ್ರಿಕೆಗೆ ಕಳಿಸುತ್ತಾರೆ. ಬರೆದಿದ್ದಕ್ಕೆ ಕಂಪನಿ ರೊಕ್ಕ ಕೊಡುವುದಿಲ್ಲ. ಸರಿ ಇದೆಯಾ ಅಂತ ಪರಿಶೀಲಿಸುವ ಬೇರೆ ವಿಜ್ಞಾನಿಗಳಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಅಚ್ಚಾದ ಮೇಲೆ ಅದನ್ನು ಓದಬೇಕಾದರೆ ಮಾತ್ರ ಒಂದು ಲೇಖನಕ್ಕೆ 30–40 ಡಾಲರ್ ಕೇಳುವುದುಂಟು. ನಮ್ಮ ಲೆಕ್ಕದಲ್ಲಿ ಎರಡೂವರೆಯಿಂದ ಮೂರೂವರೆ ಸಾವಿರ ರೂಪಾಯಿ. ಹೊಲದ ಧಣಿಗೇ ತನ್ನ ಹೊಲದ ಕಾಳು ಮಾರಿದ ಹಾಗೆ!

ವಿಶ್ವವಿದ್ಯಾಲಯಗಳು ಈ ಪತ್ರಿಕೆಗಳಿಗೆ ಬೇರೆ ಬೇರೆಯಾಗಿ ಚಂದಾ ಕಟ್ಟುತ್ತಿದ್ದವು. ದೊಡ್ಡ ಸಂಸ್ಥೆಗಳಿಗೆ ಸಿಗುತ್ತಿತ್ತು, ಸಣ್ಣ ಕಾಲೇಜುಗಳಿಗೆ ಇಲ್ಲ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025, 2026, 2027 ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಹಾಗೂ ಸಂಶೋಧನಾ ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಸಂಶೋಧಕರಿಗೆ ಇದರ ಲಾಭ.

ಒಳ್ಳೆಯದೇ. ತಾಲೂಕು ಕೇಂದ್ರದ ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಓದುವ ಹುಡುಗಿಗೂ ಐಐಟಿಯವರು ಓದುವ ಪತ್ರಿಕೆ ಸಿಗಬೇಕು ಅನ್ನುವುದೇ ಇದರ ಉದ್ದೇಶ. ನಿಮ್ಮ ಕಾಲೇಜು ನೋಂದಣಿ ಮಾಡಿಸಿದೆಯಾ, ಲಾಗಿನ್ ಸಿಗುತ್ತದಾ ಅಂತ ವಿದ್ಯಾರ್ಥಿಗಳು ಗ್ರಂಥಪಾಲಕರನ್ನು ಕೇಳಬೇಕು. ಕೇಳದಿದ್ದರೆ ರೊಕ್ಕ ಕಟ್ಟಿದ ಪತ್ರಿಕೆ ಯಾರೂ ತೆರೆಯದೆ ಹಾಗೇ ಬಿದ್ದಿರುತ್ತದೆ.

ಆದರೆ ಹೆಸರು 'ಒಂದು ರಾಷ್ಟ್ರ' ಅಂತ ಇದ್ದರೂ ಈ ಪಟ್ಟಿಯಲ್ಲಿ ರಾಷ್ಟ್ರದ ಎಲ್ಲರೂ ಇಲ್ಲ. ಡಿಗ್ರಿ ಮುಗಿಸಿ ಮನೆಗೆ ಬಂದ ರೈತನ ಮಗ, ನಿವೃತ್ತ ಮಾಸ್ತರು, ಖಾಸಗಿ ದವಾಖಾನೆ ನಡೆಸುವ ಡಾಕ್ಟರು, ಕೆಎಎಸ್ ಪರೀಕ್ಷೆಗೆ ಲೈಬ್ರರಿಯಲ್ಲಿ ಕೂತು ಓದುವವರು, ಓದು ಅರ್ಧಕ್ಕೆ ಬಿಟ್ಟವರು ಯಾರೂ ಇಲ್ಲ. ತಾಲೂಕು ಲೈಬ್ರರಿ, ಗ್ರಾಮ ಪಂಚಾಯಿತಿ ಲೈಬ್ರರಿಗಳೂ ಇಲ್ಲ. ಅಮೆರಿಕದಲ್ಲಿ ದಾರಿ ಬೇರೆ. ಅಲ್ಲಿನ ಕೇಂದ್ರ ಸರ್ಕಾರದ ಹಣದಲ್ಲಿ ನಡೆದ ಸಂಶೋಧನೆಯ ಬರಹ ಪ್ರಕಟವಾದ ಕೂಡಲೇ ಎಲ್ಲರಿಗೂ ಉಚಿತವಾಗಿ ಸಿಗಬೇಕು ಅಂತ 2022ರಲ್ಲಿ ಶ್ವೇತಭವನದಿಂದ ಸೂಚನೆ ಹೋಯಿತು. ಅಲ್ಲಿ ಬರಹವನ್ನೇ ಬಿಚ್ಚಿಡಿ ಅಂದರು, ನಮ್ಮಲ್ಲಿ ಚಂದಾ ಕಟ್ಟಿದರು. ಚಂದಾ ಮುಗಿದರೆ ಬಾಗಿಲು ಮತ್ತೆ ಮುಚ್ಚಬಹುದು.

ನಮ್ಮಲ್ಲೂ ನಿಯಮ ಇಲ್ಲವೆಂದಲ್ಲ. ಐಸಿಎಆರ್ 2013ರಲ್ಲಿ, ಕೇಂದ್ರದ ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು 2014ರಲ್ಲಿ ಮುಕ್ತ ಪ್ರವೇಶ ನೀತಿ ತಂದಿವೆ. ಲೇಖನ ಯಾವ ಪತ್ರಿಕೆಯಲ್ಲೇ ಬಂದಿರಲಿ, ಅದರ ಒಂದು ಪ್ರತಿಯನ್ನು ಸಂಸ್ಥೆಯ ಡಿಜಿಟಲ್ ಭಂಡಾರದಲ್ಲಿ ಇಡಬೇಕು, ಒಂದಿಷ್ಟು ತಿಂಗಳ ನಂತರ ಅದನ್ನು ಎಲ್ಲರಿಗೂ ತೆರೆಯಬೇಕು ಅನ್ನುತ್ತದೆ ನೀತಿ. ಬೀಗ ಬಿದ್ದ ಲೇಖನ ಎದುರಾದರೆ ಮೊದಲು ಆ ಭಂಡಾರದಲ್ಲಿ ನೋಡಿ. ಅಲ್ಲೂ ಇಲ್ಲದಿದ್ದರೆ ಬರೆದ ವಿಜ್ಞಾನಿಗೇ ಇಮೇಲ್ ಹಾಕಿ ಕೇಳಬಹುದು, ವಿಳಾಸ ಲೇಖನದ ಮೊದಲ ಪುಟದಲ್ಲೇ ಇರುತ್ತದೆ. ಕೇಳಿದವರಿಗೆ ಪ್ರತಿ ಕಳಿಸುವುದು ವಿಜ್ಞಾನಿಗಳಲ್ಲಿ ಹಳೆಯ ರೂಢಿ.

ಅಬಲೂರಿನ ಕಲ್ಲು, ಮೈಸೂರಿನ ಕಾಗದ

ಬರೀ ಬೆಳೆ–ಹುಳುವಿನ ಮಾತಾಯಿತು. ಊರಿನ ಇತಿಹಾಸವೂ ಸರ್ಕಾರಿ ಸಂಶೋಧನೆಯೇ, ಅದೂ ನೂರಕ್ಕೂ ಹೆಚ್ಚು ವರ್ಷದಿಂದ.

ಹಿರೇಕೆರೂರ ತಾಲೂಕಿನ ಅಬಲೂರು ಅಂದರೆ ಸರ್ವಜ್ಞನ ಊರು ಅಂತ ಎಲ್ಲರಿಗೂ ಗೊತ್ತು. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕಥೆ ಹೇಳುವ ದೊಡ್ಡ ಶಾಸನ ಇದೆ. ಜೈನರ ಜೊತೆ ಪಂಥ ಕಟ್ಟಿ, ತಲೆ ಕೊಯ್ದುಕೊಂಡು, ಮತ್ತೆ ಪಡೆದ ಶಿವಭಕ್ತನ ಕಥೆ. ಶರಣರ ಕಾಲದ ಬಗ್ಗೆ ಬರೆಯುವ ಯಾವ ವಿದ್ವಾಂಸರೂ ಈ ಕಲ್ಲನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಜೆ.ಎಫ್. ಫ್ಲೀಟ್ ಅನ್ನುವ ಬ್ರಿಟಿಷ್ ಅಧಿಕಾರಿ ಇದನ್ನು ಓದಿ, ಇಂಗ್ಲಿಷಿಗೆ ಅನುವಾದಿಸಿ, 1898–99ರ 'ಎಪಿಗ್ರಾಫಿಯಾ ಇಂಡಿಕಾ' ಐದನೇ ಸಂಪುಟದಲ್ಲಿ ಪ್ರಕಟಿಸಿದರು. ಆ ಸಂಪುಟ ಸರ್ಕಾರದ್ದು. ಕೃತಿಸ್ವಾಮ್ಯದ ಅವಧಿ ಎಂದೋ ಮುಗಿದಿದೆ, ಸ್ಕ್ಯಾನ್ ಪ್ರತಿ 'ಇಂಟರ್ನೆಟ್ ಆರ್ಕೈವ್' ಜಾಲತಾಣದಲ್ಲಿ ಬಿಟ್ಟಿ ಸಿಗುತ್ತದೆ. ಆದರೆ ಅದರಲ್ಲಿ ನಮ್ಮ ಕನ್ನಡ ಶಾಸನವನ್ನು ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಅಬಲೂರಿನ ಹುಡುಗ ತನ್ನೂರ ಗುಡಿಯ ಕನ್ನಡ ಓದಬೇಕಾದರೆ ಇಂಗ್ಲಿಷ್ ಅಕ್ಷರದಲ್ಲಿ ಓದಬೇಕು!

ಕದಂಬರು ಆಳಿದ ಹಾನಗಲ್ಲ ಹಳೆಯ ಶಾಸನಗಳಲ್ಲಿ ಪಾನುಂಗಲ್. ಇಂಟರ್ನೆಟ್‌ನಲ್ಲಿ ಹುಡುಕುವಾಗ ಈ ಹೆಸರನ್ನೂ ಹಾಕಿ ನೋಡಿ. ಸವಣೂರಿನವರಿಗೆ 1884ರ ಬಾಂಬೆ ಗೆಜೆಟಿಯರ್‌ನ ಧಾರವಾಡ ಸಂಪುಟ ಇದೆ. ನವಾಬರ ಸಂಸ್ಥಾನದ ವಿವರ ಅದರಲ್ಲಿ ಸಿಗುತ್ತದೆ, ಅದೂ ಉಚಿತ.

ನಮ್ಮ ಭಾಗದ ಎಷ್ಟೋ ಶಾಸನಗಳ ಪಡಿಯಚ್ಚುಗಳು, ಅಂದರೆ ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪ್ರತಿಗಳು, ಮೈಸೂರಿನಲ್ಲಿವೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಅಲ್ಲಿದೆ. ತಮಿಳು ಶಾಸನಗಳ ಪಡಿಯಚ್ಚುಗಳನ್ನು ಚೆನ್ನೈಗೆ ಸಾಗಿಸಬೇಕು ಅಂತ 2021ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶ ಕೊಟ್ಟಿತು. ಅಲ್ಲಿ ಕೇಳುವವರು ಇದ್ದರು, ಕೋರ್ಟಿಗೆ ಹೋದರು. ನಮಗೆ ಮೈಸೂರು ನಮ್ಮ ರಾಜ್ಯದಲ್ಲೇ ಇದೆ ಅನ್ನುವುದೇ ಸಮಾಧಾನ. ಹತ್ತಿರದಲ್ಲಿ ಬೇಕೆಂದರೆ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ ಇದೆ. 1939ರಲ್ಲಿ ಆಗಿನ ಮುಂಬೈ ಸರ್ಕಾರ ಶುರು ಮಾಡಿದ್ದು, ನಂತರ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು.

ಗೊಟಗೋಡಿಯ ವಿಷಯ ಇನ್ನೂ ಸೂಕ್ಷ್ಮ. 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯ ಹೆದ್ದಾರಿ ಪಕ್ಕದಲ್ಲೇ ಇದೆ, ನಾಲ್ಕೂ ತಾಲೂಕಿನಿಂದ ಹೋಗಿ ಬರಬಹುದು. ಜಾನಪದ ಸಂಶೋಧನೆ ಅಂದರೆ ಹಾಡಿದವರ ಬಾಯಿಂದಲೇ ಸಂಗ್ರಹಿಸಿದ್ದು. ಸೋಬಾನೆ ಹಾಡಿದ ಅಜ್ಜಿ ತೀರಿಹೋಗಿರುತ್ತಾಳೆ, ಆಕೆಯ ದನಿ ಎಲ್ಲೋ ಒಂದು ಹಾರ್ಡ್ ಡಿಸ್ಕ್‌ನಲ್ಲಿ ಇರುತ್ತದೆ. ಯಾರೇ ಸಂಗ್ರಹಿಸಿರಲಿ, ಹಾಡಿದವರ ಮನೆಗೆ ಒಂದು ಪ್ರತಿ ಹೋಗಬೇಕು, ಊರಿನ ಲೈಬ್ರರಿಗೆ ಒಂದು ಪ್ರತಿ ಹೋಗಬೇಕು. ಪೆನ್‌ಡ್ರೈವ್ ಕಾಲದಲ್ಲಿ ಇದು ದೊಡ್ಡ ಖರ್ಚಿನ ಮಾತಲ್ಲ.

ಅರಿವು ಕೇಂದ್ರ ಏನು ಮಾಡಬಹುದು

ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಲಾಯಿತು. ಈಗ ಅವುಗಳ ಹೆಸರು 'ಅರಿವು ಕೇಂದ್ರ'. ಹಲವು ಕಡೆ ಕಂಪ್ಯೂಟರ್ ಬಂದಿವೆ. ಮಕ್ಕಳು ಕಥೆ ಪುಸ್ತಕ ಓದುತ್ತಾರೆ, ದೊಡ್ಡವರು ಪೇಪರ್ ಓದುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಯವರು ನೋಟ್ಸ್ ಬರೆಯುತ್ತಾರೆ. ಕೃಷಿಕೋಶ, ಶೋಧಗಂಗಾ ಆ ಕಂಪ್ಯೂಟರ್‌ನಲ್ಲೂ ತೆರೆಯುತ್ತವೆ. ಹೊಸ ಯೋಜನೆ ಬೇಕಿಲ್ಲ, ಟೆಂಡರ್ ಬೇಕಿಲ್ಲ. ಗ್ರಂಥಪಾಲಕರಿಗೆ ಒಂದು ದಿನ ತರಬೇತಿ ಕೊಟ್ಟರೆ ಸಾಕು. ಕಡಿಮೆ ಸಂಬಳದಲ್ಲಿ ದುಡಿಯುವ ಅವರ ತಲೆ ಮೇಲೆ ಇನ್ನೊಂದು ಕೆಲಸ ಹೊರಿಸುವ ಮುಂಚೆ ಅವರ ಸಂಬಳದ ಬಗ್ಗೆಯೂ ಯೋಚಿಸಬೇಕು ಅನ್ನೋದು ಬೇರೆ ಮಾತು.

ಪ್ರಕಟವೇ ಆಗದ ಮಾಹಿತಿ ಬೇಕಾದರೆ

ಕೆಲವು ಮಾಹಿತಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ, ಕಚೇರಿ ಕಡತದಲ್ಲೇ ಇರುತ್ತದೆ. ಬೆಳೆ ವಿಮೆ ನೋಡಿ. ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ನಾಲ್ಕು ಬೆಳೆ ಕಟಾವು ಪ್ರಯೋಗ ಮಾಡಿ ಆ ವರ್ಷದ ಇಳುವರಿ ತೆಗೆಯುತ್ತಾರೆ. ಇನ್ನೊಂದು ಕಡೆ, ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷದ ಸರಾಸರಿ ತೆಗೆದು, ಅದಕ್ಕೆ ನಿಗದಿತ ಶೇಕಡಾವಾರು ಹಚ್ಚಿ ಒಂದು ಮಟ್ಟ ಗೊತ್ತು ಮಾಡುತ್ತಾರೆ. ಈ ವರ್ಷದ ಇಳುವರಿ ಆ ಮಟ್ಟಕ್ಕಿಂತ ಕಡಿಮೆ ಇದ್ದರೆ ಪರಿಹಾರ, ಇಲ್ಲದಿದ್ದರೆ ಇಲ್ಲ. ಪಕ್ಕದ ಪಂಚಾಯಿತಿಗೆ ಬಂತು, ನಮಗೆ ಯಾಕೆ ಬರಲಿಲ್ಲ ಅಂತ ಪ್ರತಿ ವರ್ಷ ಜಗಳ ಆಗುವುದು ಇಲ್ಲೇ. ಆ ಎರಡು ಅಂಕಿ ಕೈಯಲ್ಲಿ ಇಲ್ಲದೆ ಜಗಳ ಆಡಿದರೆ ಅಧಿಕಾರಿ ಹೇಳಿದ್ದೇ ಲೆಕ್ಕ. ಹಾನಗಲ್ಲದ ಮಾವಿನಂಥ ಬೆಳೆಗೆ ಹವಾಮಾನ ಆಧಾರಿತ ವಿಮೆ. ಅಲ್ಲಿ ಇಳುವರಿ ಬದಲು ಮಳೆ, ಉಷ್ಣಾಂಶದ ಅಂಕಿ ನೋಡುತ್ತಾರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲೇ ಮಳೆ ಮಾಪಕ ಇಟ್ಟಿದೆ, ಮಳೆಯ ವರದಿಯನ್ನು ದಿನವೂ ಇಂಟರ್ನೆಟ್‌ಗೆ ಹಾಕುತ್ತದೆ. ಮಳೆ ಬಿದ್ದ ದಿನವೇ ಬರೆದಿಟ್ಟುಕೊಂಡರೆ ಮುಂದೆ ಉಪಯೋಗ.

ಕಡತದಲ್ಲಿರುವುದನ್ನು ಕೇಳಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ಹಂಗಾಗಿ ಪುರಾಣ ಬರೆಯದೆ ನೇರ ಕೇಳಿ: ಇಂಥ ಪಂಚಾಯಿತಿ, ಇಂಥ ಬೆಳೆ, ಇಂಥ ವರ್ಷ, ಕಟಾವು ಪ್ರಯೋಗದ ನಮೂನೆಯ ಪ್ರತಿ. ಆನ್‌ಲೈನ್‌ನಲ್ಲೂ ಹಾಕಬಹುದು. ಸರ್ಕಾರಿ ವಿಶ್ವವಿದ್ಯಾಲಯಗಳೂ ಈ ಕಾಯ್ದೆಯೊಳಗೆ ಬರುತ್ತವೆ. ಇಲಾಖೆ ರೊಕ್ಕ ಕೊಟ್ಟು ಮಾಡಿಸಿದ ಅಧ್ಯಯನ ವರದಿಯನ್ನು ಕೇಳಬಹುದು.

ಕೇಳಿದಾಗ 'ಇದಕ್ಕೆ ಕಾಪಿರೈಟ್ ಇದೆ, ಕೊಡಲು ಬರುವುದಿಲ್ಲ' ಅನ್ನುವ ಉತ್ತರ ಬಂದರೆ ಕಾಯ್ದೆಯ 9ನೇ ಕಲಂ ತೆಗೆದು ತೋರಿಸಿ. ಸರ್ಕಾರವನ್ನು ಬಿಟ್ಟು ಬೇರೆಯವರ ಕೃತಿಸ್ವಾಮ್ಯಕ್ಕೆ ಧಕ್ಕೆ ಆಗುವಂತಿದ್ದರೆ ಮಾತ್ರ ಆ ಕಲಮಿನಡಿ ನಿರಾಕರಿಸಬಹುದು. ಸರ್ಕಾರದ್ದೇ ಕಾಪಿರೈಟ್ ಇದ್ದರೆ ಆ ನೆಪ ನಡೆಯುವುದಿಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅದನ್ನು ನಿರಾಕರಣೆ ಅಂತಲೇ ಪರಿಗಣಿಸಿ, ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು. ಅರ್ಜಿಯ ಒಂದು ಝೆರಾಕ್ಸ್ ಮತ್ತು ಸ್ವೀಕೃತಿ ಚೀಟಿ ಜೋಪಾನವಾಗಿ ಇಟ್ಟುಕೊಳ್ಳಿ.